ಬಜಪೆಯಿಂದ ಮಟ್ಟನ್ನೂರಿಗೆ ದೂರವೆಷ್ಟು, ಹೊತ್ತೆಷ್ಟು?

ಸುವರ್ಣ ಮಹೋತ್ಸವದ ಸಿದ್ಧತೆಗಾಗಿ ಶಾಲೆಯ ಹಳೆಯ ಭೂಪಟಗಳನ್ನು ಬಿಸಿಲಿಗೆ ಹರವುತ್ತಿದ್ದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಬಳಿಗೆ ಬಂದು, "ಮಾಷ್ಟ್ರೇ, ಮಂಗಳೂರಿನಿಂದ ಕಣ್ಣೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು ಬೇಕು?" ಎಂದು ಕೇಳಿದಳು. ಅವಳ ತಂದೆ ಗಲ್ಫಿನಲ್ಲಿ ಉದ್ಯೋಗದಲ್ಲಿರುವವರು. ಹಿಂದಿನ ಮಳೆಗಾಲದಲ್ಲಿ ಅವರು ಬರುತ್ತಿದ್ದ ವಿಮಾನ ಮಂಗಳೂರಿನಲ್ಲಿ ಇಳಿಯಲಾರದೆ ಕಣ್ಣೂರಿಗೆ ಹೋಯಿತಂತೆ. ಇರುಳಿನಲ್ಲೇ ಮನೆಯಿಂದ ಹೊರಟು ಬಜಪೆಯ ಹೊರಬಾಗಿಲಲ್ಲಿ ನಿಂತಿದ್ದ ಮನೆಮಂದಿ ಮಧ್ಯಾಹ್ನದವರೆಗೂ ಕಾದರಂತೆ. ಕಣ್ಣೂರು ಅಷ್ಟು ಹತ್ತಿರವಿದ್ದರೂ ಇಷ್ಟು ಹೊತ್ತೇಕೆ ಎಂಬುದು ಅವಳ ನಿಜವಾದ ಪ್ರಶ್ನೆ. "ಅರ್ಧ ಗಂಟೆ ಸಾಕು" ಎಂದು ಅಂದು ಉತ್ತರಿಸಿದೆ. ಉತ್ತರ ತಪ್ಪಾಗಿರಲಿಲ್ಲ; ಆದರೆ ಕೇಳಿದ್ದಕ್ಕೆ ಅದು ಉತ್ತರವೂ ಆಗಿರಲಿಲ್ಲ. ಆ ಬಾಕಿಯನ್ನು ಈ ಸಂಚಿಕೆಯ ಪುಟಗಳಲ್ಲಿ ತೀರಿಸಲು ಯತ್ನಿಸುತ್ತೇನೆ.

ಮೊದಲು ದೂರದ ವಿಚಾರ. ಎರಡು ವಿಮಾನ ನಿಲ್ದಾಣಗಳ ನಡುವಣ ದೂರವೆಂದರೆ ಭೂಗೋಳದ ಮೈಮೇಲೆ ಅವೆರಡನ್ನು ಸೇರಿಸುವ ಅತ್ಯಂತ ಕಿರಿದಾದ ಗೆರೆಯ ಉದ್ದ. ಗೋಳದ ಮೇಲೆ ಒಂದು ದಾರವನ್ನು ಎರಡು ಬಿಂದುಗಳ ನಡುವೆ ಬಿಗಿಯಾಗಿ ಎಳೆದು ಹಿಡಿದರೆ ಅದು ತಾನಾಗಿಯೇ ಈ ಗೆರೆಯಲ್ಲಿ ನಿಲ್ಲುತ್ತದೆ. ದೂರ ಹೆಚ್ಚಾದಾಗ ಈ ಗೆರೆ ಭೂಪಟದ ಹಾಳೆಯ ಮೇಲೆ ಬಿಲ್ಲಿನಂತೆ ಬಾಗಿ ಕಾಣುವುದುಂಟು. ನಮ್ಮದು ಹತ್ತಿರದ ಲೆಕ್ಕವಾದುದರಿಂದ ಭೂಮಿಯ ಬಾಗನ್ನು ಮರೆತು ಲಂಬಕೋನ ತ್ರಿಭುಜವೊಂದನ್ನು ಬರೆದರೂ ಸಾಕು.

ಮಂಗಳೂರಿನ ನಿಲ್ದಾಣ ಇರುವುದು ಉತ್ತರ ಅಕ್ಷಾಂಶ 12 ಡಿಗ್ರಿ 57.7 ಮಿನಿಟು, ಪೂರ್ವ ರೇಖಾಂಶ 74 ಡಿಗ್ರಿ 53.4 ಮಿನಿಟಿನಲ್ಲಿ. ಕಣ್ಣೂರಿನ ನಿಲ್ದಾಣ ಉತ್ತರ ಅಕ್ಷಾಂಶ 11 ಡಿಗ್ರಿ 55.1 ಮಿನಿಟು, ಪೂರ್ವ ರೇಖಾಂಶ 75 ಡಿಗ್ರಿ 32.8 ಮಿನಿಟಿನಲ್ಲಿ. ಅಕ್ಷಾಂಶಗಳ ಅಂತರ 62.6 ಮಿನಿಟು. ವೈಮಾನಿಕರೂ ನಾವಿಕರೂ ಬಳಸುವ ನಾಟಿಕಲ್ ಮೈಲಿ ಹುಟ್ಟಿದ್ದೇ ಇಲ್ಲಿಂದ: ಅಕ್ಷಾಂಶದ ಒಂದು ಮಿನಿಟಿನ ಅಂತರ ಹೆಚ್ಚುಕಡಿಮೆ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿಲೋಮೀಟರು. ಆದುದರಿಂದ ಉತ್ತರ ದಕ್ಷಿಣವಾಗಿ ನಮ್ಮ ಎರಡು ನಿಲ್ದಾಣಗಳ ಅಂತರ 62.6 ನಾಟಿಕಲ್ ಮೈಲಿ ಎಂದು ಕೂಡಲೇ ಹೇಳಬಹುದು. ರೇಖಾಂಶಗಳ ಅಂತರ 39.4 ಮಿನಿಟು. ಆದರೆ ರೇಖಾಂಶದ ಗೆರೆಗಳು ಧ್ರುವಗಳತ್ತ ಸಾಗುತ್ತ ಒಂದಕ್ಕೊಂದು ಹತ್ತಿರವಾಗುವುದರಿಂದ ಈ ಸಂಖ್ಯೆಯನ್ನು ನಮ್ಮ ಅಕ್ಷಾಂಶದ ಕೊಸೈನಿನಿಂದ, ಅಂದರೆ ಸುಮಾರು 0.9765ರಿಂದ ಗುಣಿಸಬೇಕು. ಆಗ 38.5 ನಾಟಿಕಲ್ ಮೈಲಿ ಬರುತ್ತದೆ. ಇನ್ನುಳಿದುದು ಪೈಥಾಗೊರಸನ ಪ್ರಮೇಯ. 62.6ರ ವರ್ಗಕ್ಕೆ 38.5ರ ವರ್ಗವನ್ನು ಕೂಡಿಸಿ ವರ್ಗಮೂಲ ತೆಗೆದರೆ 73.5 ನಾಟಿಕಲ್ ಮೈಲಿ, ಅರ್ಥಾತ್ 136 ಕಿಲೋಮೀಟರು. ಹೈಸ್ಕೂಲಿನ ಗಣಿತದಿಂದ ಇಷ್ಟನ್ನು ಸಾಧಿಸಬಹುದೆಂಬುದನ್ನು ಹಳೆವಿದ್ಯಾರ್ಥಿಗಳಿಗೆ ನೆನಪಿಸಲು ಮನಸ್ಸಾಗಿ ಇದನ್ನು ಇಷ್ಟು ವಿಸ್ತರಿಸಿದೆ. ಅಂದು ಕೊಸೈನು ಎಲ್ಲಿ ಪ್ರಯೋಜನಕ್ಕೆ ಬರುತ್ತದೆಂದು ಹಿಂದಿನ ಬೆಂಚಿನಿಂದ ಕೇಳಿದವರು ಇದನ್ನು ಓದುತ್ತಿರಬಹುದು.

ಭೂಪಟದ ಮೇಲೆ ಈ ಎರಡು ಬಿಂದುಗಳಿಗೆ ರೂಲುಕೋಲನ್ನಿಟ್ಟು ಗೆರೆ ಎಳೆದಾಗ ಆ ಹುಡುಗಿಗೂ ನನಗೂ ಒಂದು ಅಚ್ಚರಿ ಕಾದಿತ್ತು. ಗೆರೆ ಕಡಲ ಕರೆಯನ್ನು ಹಿಡಿದು ಹೋಗುವುದಿಲ್ಲ. ಕುಂಬಳೆ, ಕಾಸರಗೋಡುಗಳನ್ನು ಪಶ್ಚಿಮಕ್ಕೆ ಬಿಟ್ಟು ಅದು ಪೆರ್ಲದ ಆಸುಪಾಸಿನಲ್ಲಿ ನಮ್ಮ ಜಿಲ್ಲೆಯನ್ನು ಹೊಕ್ಕು, ಬದಿಯಡ್ಕಕ್ಕೆ ತುಸು ಮೂಡಣದಲ್ಲಿ ಸಾಗಿ, ಮುಳ್ಳೇರಿಯದ ಸಮೀಪದಲ್ಲೇ ಹಾದು, ಪಯಸ್ವಿನಿಯನ್ನು ದಾಟಿ, ತಳಿಪರಂಬದ ಮೂಡಣ ಗುಡ್ಡಗಳ ಮೇಲಿಂದ ಮಟ್ಟನ್ನೂರನ್ನು ಸೇರುತ್ತದೆ. ಅಂದರೆ ಎರಡು ನಿಲ್ದಾಣಗಳ ನಡುವಿನ ಆಕಾಶಮಾರ್ಗ ಅಡಕೆತೋಟಗಳ ಕನ್ನಡ ನಾಡಿನ ನಡುನೆತ್ತಿಯ ಮೇಲಿದೆ. ಇದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಸ್ತಾಪ ಬರಲಿದೆ.

ನೆಲದ ಮೇಲಿನ ದೂರ ಬೇರೆ. ಬಜಪೆಯಿಂದ ಮಂಗಳೂರು ಪೇಟೆಗಿಳಿದು, ನೇತ್ರಾವತಿಯನ್ನು ದಾಟಿ, ತಲಪಾಡಿ, ಕಾಸರಗೋಡು, ಹೊಸದುರ್ಗ, ಪಯ್ಯನ್ನೂರು, ಕಣ್ಣೂರುಗಳ ಮೂಲಕ ಮಟ್ಟನ್ನೂರಿಗೆ ಹೋಗುವ ಮಾರ್ಗ 170ರಿಂದ 180 ಕಿಲೋಮೀಟರು. ಈ ದಾರಿಗೆ ನಾಲ್ಕರಿಂದ ಐದು ಗಂಟೆ ಬೇಕು. ಹೆದ್ದಾರಿ ಅಗಲೀಕರಣದ ಕೆಲಸ ನಡೆದ ವರ್ಷಗಳಲ್ಲಿ ಎಷ್ಟು ಬೇಕಾಯಿತೆಂಬುದನ್ನು ನಾನು ಹೇಳಬೇಕಾದುದಿಲ್ಲ. ರೈಲಿನ ಲೆಕ್ಕದಲ್ಲಿ ಮಂಗಳೂರು ಸೆಂಟ್ರಲಿನಿಂದ ಕಾಸರಗೋಡಿಗೆ 46 ಕಿಲೋಮೀಟರು, ಕಣ್ಣೂರಿಗೆ 132 ಕಿಲೋಮೀಟರು. ಎಕ್ಸ್‌ಪ್ರೆಸ್ ಗಾಡಿಗಳು ಎರಡು ಎರಡೂವರೆ ಗಂಟೆಯಲ್ಲಿ ತಲುಪಿಸುತ್ತವೆ. ರೈಲಿನ ಹಳಿ ಆಕಾಶದ ನೇರ ಗೆರೆಗಿಂತಲೂ ಕಿರಿದಾಗಿ ಕಾಣುವುದಕ್ಕೆ ಕಾರಣವಿಷ್ಟೆ: ರೈಲು ಪೇಟೆಯಿಂದ ಪೇಟೆಗೆ ಹೋಗುತ್ತದೆ, ವಿಮಾನ ಗುಡ್ಡದಿಂದ ಗುಡ್ಡಕ್ಕೆ ಹೋಗಬೇಕು.

ಈ ಗುಡ್ಡಗಳ ಕಥೆಯೂ ಸ್ವಲ್ಪ ತಿಳಿದಿರಬೇಕು. ಬಜಪೆಯ ನಿಲ್ದಾಣ ಆರಂಭವಾದುದು 1951ರ ದಶಂಬರ 25ರಂದು. ಆಗ ಕಾಸರಗೋಡು ಅದೇ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಐದು ವರ್ಷಗಳ ಅನಂತರ, 1956ರ ನವಂಬರ 1ರಂದು, ಗಡಿ ನಮ್ಮ ನಡುವೆ ಬಂತು. ಗಡಿ ಬಂದರೂ ವಿಮಾನಕ್ಕೆ ಹೋಗುವವರ ಹಾದಿ ಬದಲಾಗಲಿಲ್ಲ. ಸುಮಾರು 1,600 ಮೀಟರಿನ ಹಳೆಯ ರನ್‌ವೇಗೆ ದೊಡ್ಡ ವಿಮಾನಗಳ ಭಾರ ಹಿಡಿಸದೆ, 2006ರಲ್ಲಿ 2,450 ಮೀಟರಿನ ಹೊಸ ರನ್‌ವೇ ಬಂತು. ಆ ವರ್ಷವೇ ಗಲ್ಫಿಗೆ ನೇರ ಹಾರಾಟ ಆರಂಭವಾಯಿತು. ಅಲ್ಲಿಯವರೆಗೆ ನಮ್ಮವರು ಮುಂಬಯಿಗೋ, 1988ರಲ್ಲಿ ತೆರೆದ ಕರಿಪ್ಪೂರಿಗೋ ಹೋಗಿ ವಿಮಾನ ಹತ್ತಬೇಕಿತ್ತು. ಕಣ್ಣೂರಿನ ನಿಲ್ದಾಣ ತೀರ ಈಚಿನದು. ಮಟ್ಟನ್ನೂರಿನ ಮೂರ್ಖನ್‌ಪರಂಬ ಗುಡ್ಡದ ಮೇಲೆ 3,050 ಮೀಟರಿನ ರನ್‌ವೇಯೊಂದಿಗೆ 2018ರ ದಶಂಬರ 9ರಂದು ಅದು ಉದ್ಘಾಟನೆಗೊಂಡಿತು. ಎರಡೂ ಮುರಕಲ್ಲಿನ ಗುಡ್ಡಗಳ ನೆತ್ತಿಯನ್ನು ಸವರಿ ಮಾಡಿದ ನಿಲ್ದಾಣಗಳು. ರಸ್ತೆಯ ಲೆಕ್ಕದಲ್ಲಿ ಎರಡಕ್ಕೂ ಸಮದೂರದಲ್ಲಿರುವ ಊರು ಹೆಚ್ಚುಕಡಿಮೆ ಹೊಸದುರ್ಗ. ಅದರ ಬಡಗಣವರು ಬಜಪೆಗೆ, ತೆಂಕಣವರು ಮಟ್ಟನ್ನೂರಿಗೆ ಹೋಗುವುದು ರೂಢಿಯಾಗಿದೆ.

ಇವೆರಡರ ನಡುವೆ ಟಿಕೇಟು ಕೊಂಡು ಪ್ರಯಾಣ ಮಾಡಬೇಕೆಂದು ಹೊರಟವರಿಗೆ ಸಿಕ್ಕುವುದು ಬೆಂಗಳೂರಿನ ದಾರಿ. ಮಂಗಳೂರಿನಿಂದ ಬೆಂಗಳೂರಿಗೆ ಆಕಾಶದಲ್ಲಿ ಸುಮಾರು 305 ಕಿಲೋಮೀಟರು. ಬೆಂಗಳೂರಿನಿಂದ ಕಣ್ಣೂರಿಗೆ ಸುಮಾರು 275. ಹೀಗೆ 136 ಕಿಲೋಮೀಟರಿನ ಊರಿಗೆ 580 ಕಿಲೋಮೀಟರು ಸುತ್ತಿ ಹೋಗಬೇಕು. ನೇರ ವಿಮಾನವೇಕಿಲ್ಲ ಎಂಬುದಕ್ಕೆ ಉತ್ತರ ಹೊತ್ತಿನ ಲೆಕ್ಕದಲ್ಲಿದೆ.

ನಮ್ಮ ಕಡೆಯ ಕಿರುದಾರಿಗಳಲ್ಲಿ ಹಾರುವ ಎಟಿಆರ್ ಎಂಬ ಪಂಖದ ವಿಮಾನದ ವೇಗ ಗಂಟೆಗೆ ಸುಮಾರು 500 ಕಿಲೋಮೀಟರು. 136ನ್ನು 500ರಿಂದ ಭಾಗಿಸಿದರೆ ಹದಿನಾರು ನಿಮಿಷ. ಬೋಯಿಂಗಿನಂಥ ಜೆಟ್ಟಿಗೆ ಗಂಟೆಗೆ 830 ಎಂದಿಟ್ಟುಕೊಂಡರೆ ಹತ್ತೇ ನಿಮಿಷ. ಈ ಭಾಗಾಕಾರ ಬಸ್ಸಿಗೆ ಒಪ್ಪುತ್ತದೆ, ವಿಮಾನಕ್ಕೆ ಒಪ್ಪುವುದಿಲ್ಲ. ಏಕೆಂದರೆ ಆ ವೇಗವೆಲ್ಲ ಮೇಲೇರಿದ ಬಳಿಕದ್ದು. ಎಟಿಆರ್ ವಿಮಾನ ಹತ್ತು ಸಾವಿರ ಅಡಿಗೇರಲು ಎಂಟೊಂಬತ್ತು ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಮೂರನೆಯ ಒಂದು ಪಾಲು ದಾರಿ ಮುಗಿದಿರುತ್ತದೆ.

ಇಳಿಯುವುದಕ್ಕೆ ಇದಕ್ಕಿಂತಲೂ ಕಟ್ಟುನಿಟ್ಟಾದ ಲೆಕ್ಕವಿದೆ. ವಿಮಾನ ಇಳಿಯುವ ಇಳಿಜಾರು ಸುಮಾರು ಮೂರು ಡಿಗ್ರಿ. ನಾಟಿಕಲ್ ಮೈಲಿಯೊಂದಕ್ಕೆ ಹೆಚ್ಚುಕಡಿಮೆ ಮುನ್ನೂರು ಅಡಿ ಇಳಿಯಬಹುದೆಂದು ಇದರ ಅರ್ಥ. ಪೈಲಟರು ಬಾಯಿಲೆಕ್ಕದಲ್ಲಿ ಇದನ್ನು ಹೀಗೆ ಹಿಡಿಯುತ್ತಾರೆ: ಇಳಿಯಬೇಕಾದ ಎತ್ತರ ಎಷ್ಟು ಸಾವಿರ ಅಡಿಯೋ ಅದರ ಮೂರು ಪಟ್ಟು ನಾಟಿಕಲ್ ಮೈಲಿ ದೂರದಿಂದಲೇ ಇಳಿಯತೊಡಗಬೇಕು. ಹತ್ತು ಸಾವಿರ ಅಡಿಯಿಂದ ಇಳಿಯಲು ಮೂವತ್ತು ಮೈಲಿ, ಮೂವತ್ತೈದು ಸಾವಿರ ಅಡಿಯಿಂದ ಇಳಿಯಲು ನೂರಐದು ಮೈಲಿ. ನಮ್ಮ ದಾರಿಯ ಒಟ್ಟು ಉದ್ದವೇ 73.5 ಮೈಲಿ. ಹೀಗಾಗಿ ಜೆಟ್ ವಿಮಾನ ತನ್ನ ಸಹಜವಾದ ಎತ್ತರವನ್ನು ಈ ದಾರಿಯಲ್ಲಿ ಎಂದೂ ಮುಟ್ಟಲಾರದು; ಹತ್ತು ಸಾವಿರ ಅಡಿಯ ಕೆಳಗೆ ಅದರ ವೇಗಕ್ಕೂ 250 ನಾಟಿಕಲ್ ಮೈಲಿಯ, ಅಂದರೆ ಗಂಟೆಗೆ 463 ಕಿಲೋಮೀಟರಿನ ಮಿತಿಯಿದೆ. ಎಟಿಆರ್ ಆದರೆ ಏರಿಕೆ ಇಳಿಕೆಗಳ ನಡುವೆ ಮೂರು ನಾಲ್ಕು ನಿಮಿಷ ಮಟ್ಟಸವಾಗಿ ಹಾರೀತು.

ಇನ್ನು ಗಾಳಿಯ ದಿಕ್ಕು. ವಿಮಾನ ಎದುರುಗಾಳಿಗೆ ಮುಖವಿಟ್ಟು ಏರಬೇಕು, ಎದುರುಗಾಳಿಗೆ ಮುಖವಿಟ್ಟೇ ಇಳಿಯಬೇಕು. ಮಂಗಳೂರಿನ ರನ್‌ವೇಯ ಒಂದು ತುದಿಗೆ 06, ಇನ್ನೊಂದಕ್ಕೆ 24 ಎಂದು ಸಂಖ್ಯೆಗಳಿವೆ. ಕಣ್ಣೂರಿನಲ್ಲಿ 07 ಮತ್ತು 25. ಈ ಸಂಖ್ಯೆಗಳ ಮುಂದೆ ಒಂದು ಸೊನ್ನೆ ಹಚ್ಚಿದರೆ ದಿಕ್ಸೂಚಿಯ ಡಿಗ್ರಿ ಸಿಕ್ಕುತ್ತದೆ. ಕಡಲ ಕಡೆಯಿಂದ ಬೀಸುವ ಗಾಳಿಗೆ ಎದುರಾಗಿ ವಿಮಾನಗಳು ಸಾಮಾನ್ಯವಾಗಿ ಮೂಡಣದಿಂದ ಪಡುವಣಕ್ಕೆ ಇಳಿಯುತ್ತವೆ. ಕಣ್ಣೂರಿನಿಂದ ಹೊರಟ ವಿಮಾನವಾದರೂ ಮೊದಲು ಕಡಲತ್ತ ಏರಿ, ಬಲಕ್ಕೆ ಹೊರಳಿ ವಾಯವ್ಯದ ದಾರಿ ಹಿಡಿದು, ಬಜಪೆ ಕಾಣುವಷ್ಟರಲ್ಲಿ ಮತ್ತೆ ಅದರ ಮೂಡಣಕ್ಕೆ ಸರಿದು, ಎಡಕ್ಕೆ ತಿರುಗಿ ಇಳಿಯಬೇಕು. ಈ ಹೊರಳಾಟಕ್ಕೆ ಐದಾರು ನಿಮಿಷ ಸಲ್ಲುತ್ತದೆ. ದಾರಿಯ ನಡುವೆ ಗಾಳಿಯಿಂದಾಗುವ ಲಾಭನಷ್ಟ ಇಷ್ಟು ಕಡಿಮೆ ದೂರದಲ್ಲಿ ಒಂದೆರಡು ನಿಮಿಷದ್ದು, ಬಿಟ್ಟರೂ ಆದೀತು.

ಎಲ್ಲವನ್ನೂ ಕೂಡಿಸಿದರೆ ಆಕಾಶದಲ್ಲಿ ಇಪ್ಪತ್ತೈದರಿಂದ ಮೂವತ್ತು ನಿಮಿಷ. ವೇಳಾಪಟ್ಟಿಯಲ್ಲಿ ಅಚ್ಚಾಗುವ ಅವಧಿ ಇದೂ ಅಲ್ಲ. ವಿಮಾನ ನಿಂತ ಸ್ಥಳದಿಂದ ಕದಲಿದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ಚಕ್ರ ನಿಲ್ಲುವ ಕ್ಷಣದವರೆಗೆ ಅಲ್ಲಿ ಲೆಕ್ಕ. ರನ್‌ವೇಯ ತುದಿಗೆ ಸಾಗುವುದು, ಸರದಿಗೆ ಕಾಯುವುದು, ಇಳಿದು ಕಟ್ಟಡದ ಬಳಿಗೆ ಬರುವುದು ಎಲ್ಲವೂ ಸೇರಿ ಮುಕ್ಕಾಲು ಗಂಟೆ ಎನ್ನಬೇಕು. ಮಂಗಳೂರು ಬೆಂಗಳೂರುಗಳ ನಡುವೆ ದೂರ ಎರಡು ಪಟ್ಟಿಗಿಂತ ಹೆಚ್ಚಿದ್ದರೂ ವೇಳಾಪಟ್ಟಿಯಲ್ಲಿ ಹೊತ್ತು ಒಂದು ಗಂಟೆಯ ಆಸುಪಾಸಿನಲ್ಲೇ ಇರುವುದರ ಗುಟ್ಟು ಇದೇ. ದೂರ ಅರ್ಧವಾದರೂ ಹೊತ್ತು ಅರ್ಧವಾಗುವುದಿಲ್ಲ. ಸ್ಕಾಟ್‌ಲೆಂಡಿನ ಬಡಗಣ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇಗಳ ನಡುವೆ ಕೇವಲ 2.7 ಕಿಲೋಮೀಟರಿನ ಹಾರಾಟವೊಂದು 1967ರಿಂದ ನಡೆದಿದೆ. ಎರಡು ನಿಮಿಷದ ಪ್ರಯಾಣ. ಅಲ್ಲಿ ನಡುವೆ ಕಡಲಿದೆ, ವಿಮಾನವೂ ಎಂಟು ಹತ್ತು ಮಂದಿ ಹಿಡಿಸುವ ಪುಟ್ಟದು. ನಮ್ಮಲ್ಲಿ ನಡುವೆ ಇರುವುದು ರೈಲಿನ ಹಳಿ. ಪೇಟೆಯಿಂದ ಬಜಪೆಗೆ ಏರುವ ಅರ್ಧ ಗಂಟೆ, ಕೌಂಟರು ಮುಚ್ಚುವ ಮೊದಲೇ ಹೋಗಿ ಕುಳಿತುಕೊಳ್ಳುವ ಒಂದೂವರೆ ಗಂಟೆ, ಮುಕ್ಕಾಲು ಗಂಟೆಯ ಹಾರಾಟ, ಮಟ್ಟನ್ನೂರಿನಿಂದ ಕಣ್ಣೂರು ಪೇಟೆಗೆ ಮತ್ತೆ ಮುಕ್ಕಾಲು ಗಂಟೆ ಎಂದರೆ, ಆ ಹೊತ್ತಿಗೆ ರೈಲಿನಲ್ಲಿ ಹೋದವನು ಕಣ್ಣೂರಿನಲ್ಲಿ ಊಟ ಮುಗಿಸಿ ಎಲೆಯಡಕೆ ಹಾಕಿಕೊಳ್ಳುತ್ತಿರುತ್ತಾನೆ.

ಆದರೂ ಪ್ರಯಾಣಿಕರಾರೂ ಕೇಳದ ಈ 73.5 ಮೈಲಿಯ ಲೆಕ್ಕವನ್ನು ಹಾಕುವವರಿದ್ದಾರೆ. ಮಂಗಳೂರಿಗೆ ಬರಬೇಕಾದ ವಿಮಾನ ದುಬೈಯಲ್ಲೋ ಮುಂಬಯಿಯಲ್ಲೋ ಹೊರಡುವ ಮೊದಲೇ, ಮಂಗಳೂರಿನಲ್ಲಿ ಇಳಿಯಲಾಗದಿದ್ದರೆ ಎಲ್ಲಿಗೆ ಹೋಗಬೇಕೆಂಬ ಬದಲಿ ನಿಲ್ದಾಣವನ್ನು ನಿಶ್ಚಯಿಸಿ, ಅಲ್ಲಿಗೆ ತಲುಪುವಷ್ಟು ಇಂಧನವನ್ನೂ ಅದರ ಮೇಲೆ ಅರ್ಧ ಗಂಟೆ ಆಕಾಶದಲ್ಲಿ ಸುತ್ತುವಷ್ಟನ್ನೂ ತುಂಬಿಸಿಕೊಳ್ಳಬೇಕೆಂಬುದು ನಿಯಮ. ಬೋಯಿಂಗ್ 737 ಗಂಟೆಗೆ ಅಂದಾಜು 2,400 ಕಿಲೋಗ್ರಾಂ ಇಂಧನ ಉರಿಸುತ್ತದೆ. ಮಂಗಳೂರಿನ ಮೇಲಿಂದ ಮತ್ತೆ ಏರಿ ಕಣ್ಣೂರಿನಲ್ಲಿ ಇಳಿಯಲು ಒಂದು ಟನ್ನಿಗಿಂತ ಹೆಚ್ಚೇ ಬೇಕು; ಸುತ್ತುವುದಕ್ಕೆ ಇನ್ನೊಂದು ಟನ್ನು. 2018ಕ್ಕೆ ಮೊದಲು ತೆಂಕಣ ದಿಕ್ಕಿನಲ್ಲಿ ಹತ್ತಿರದ ಬದಲಿ ನಿಲ್ದಾಣ ಕರಿಪ್ಪೂರು, ಸುಮಾರು 230 ಕಿಲೋಮೀಟರು. ಕಣ್ಣೂರು ಬಂದ ಮೇಲೆ ಅದು 136ಕ್ಕೆ ಇಳಿಯಿತು. ಹತ್ತಿರವಿರುವುದು ಯಾವಾಗಲೂ ಒಳಿತೆಂದೂ ಇಲ್ಲ. ಒಂದೇ ಮಳೆಮೋಡ ಎರಡು ಗುಡ್ಡಗಳನ್ನೂ ಮುಸುಕಬಹುದಾದ ದಿನ ವಿಮಾನವನ್ನು ಘಟ್ಟದಾಚೆಯ ಬೆಂಗಳೂರಿಗೋ ದೂರದ ಕೊಚ್ಚಿಗೋ ತಿರುಗಿಸುವುದುಂಟು.

ಇಳಿಯಬಾರದಾಗಿದ್ದ ಹೊತ್ತಿನಲ್ಲಿ ಇಳಿದರೆ ಏನಾಗುತ್ತದೆಂಬುದನ್ನು ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2010ರ ಮೇ 22ರ ಮುಂಜಾವದಲ್ಲಿ ದುಬೈಯಿಂದ ಬಂದ ವಿಮಾನ ಬಜಪೆಯ ರನ್‌ವೇಯನ್ನು ದಾಟಿ ಕಣಿವೆಗೆ ಬಿದ್ದಾಗ ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಗತಿಸಿದರು. ಎಂಟು ಮಂದಿ ಮಾತ್ರ ಉಳಿದರು. ಸತ್ತವರಲ್ಲಿ ಕಾಸರಗೋಡಿನ ಕಡೆಯವರು ಬಹು ಮಂದಿ. ಅದರ ತನಿಖೆಯ ವರದಿಯನ್ನು ಓದುವಾಗ ಮೇಲೆ ಹೇಳಿದ ಮೂರು ಪಟ್ಟಿನ ಲೆಕ್ಕ ಕಣ್ಣ ಮುಂದೆ ನಿಲ್ಲುತ್ತದೆ. ವಿಮಾನ ಹಾರುತ್ತಿದ್ದುದು 37,000 ಅಡಿಯಲ್ಲಿ. 111 ಮೈಲಿ ದೂರದಿಂದ ಇಳಿಯತೊಡಗಬೇಕಿತ್ತು. ಮಂಗಳೂರಿನ ರಾಡಾರು ಆ ದಿನಗಳಲ್ಲಿ ಕೆಟ್ಟಿದ್ದುದರಿಂದ ಬೇಗನೆ ಇಳಿಯಲು ಅನುಮತಿ ಸಿಗಲಿಲ್ಲ. ಇಳಿಕೆ ಆರಂಭವಾದಾಗ ಉಳಿದಿದ್ದುದು 77 ಮೈಲಿ. ಹೀಗೆ ಉಳಿದ ಎತ್ತರವನ್ನು ಕಳೆಯಲು ಉಪಾಯಗಳಿದ್ದವು. ಸುತ್ತು ಹಾಕಿ ಮತ್ತೆ ಬರಬಹುದಿತ್ತು. ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿದ್ದಾಗಲೇ ಇಳಿಯುವ ಪ್ರಯತ್ನ ಮುಂದುವರಿಯಿತು. ಮತ್ತೆ ಮೇಲೇರೋಣವೆಂದು ಸಹಪೈಲಟರು ಮೂರು ಬಾರಿ ಹೇಳಿದರು, ಯಂತ್ರವೂ ಎಚ್ಚರಿಸಿತು. ಚಕ್ರ ನೆಲವನ್ನು ಮುಟ್ಟಿದ್ದು ರನ್‌ವೇಯ ಆರಂಭದಿಂದ 5,200 ಅಡಿಯಾಚೆ. ನಿಲ್ಲಲು ಉಳಿದಿದ್ದುದು 2,800 ಅಡಿ. ಸರಿಯಾಗಿ ಅಣಿಗೊಳ್ಳದ ಇಳಿಕೆಯನ್ನು ಕೈಬಿಡದಿದ್ದುದೇ ದುರಂತಕ್ಕೆ ನೇರ ಕಾರಣವೆಂದು ತನಿಖೆ ತೀರ್ಮಾನಿಸಿತು. ಹತ್ತು ವರ್ಷಗಳ ಬಳಿಕ, 2020ರ ಆಗಸ್ಟ್ 7ರ ಮಳೆಯ ರಾತ್ರಿ, ಕರಿಪ್ಪೂರಿನ ಗುಡ್ಡದಲ್ಲಿ 21 ಜೀವಗಳು ಹೋದುದೂ ರನ್‌ವೇಯ ಅರ್ಧದಾಚೆ ನೆಲ ಮುಟ್ಟಿದ ವಿಮಾನದಲ್ಲೇ.

ಈ ಹಿನ್ನೆಲೆಯಲ್ಲಿ ಆ ಹುಡುಗಿಯ ತಂದೆಯ ವಿಮಾನದ ವಿಚಾರಕ್ಕೆ ಬರೋಣ. ಆಟಿಯ ಮಳೆಗೆ ಬಜಪೆಯ ಗುಡ್ಡದ ಮೇಲೆ ಮೋಡ ಕವಿದು ರನ್‌ವೇ ಕಾಣದಾದಾಗ ಪೈಲಟರು ಕೆಲವು ಸುತ್ತು ಕಾದು ನೋಡುತ್ತಾರೆ. ಬದಲಿ ನಿಲ್ದಾಣಕ್ಕೆಂದು ಮೀಸಲಿಟ್ಟ ಇಂಧನವನ್ನು ಮುಟ್ಟುವ ಮೊದಲು ಹೊರಟುಬಿಡುತ್ತಾರೆ. ಕಣ್ಣೂರಿನಲ್ಲಿ ಇಳಿದ ಮೇಲೆ ಹೊತ್ತು ಹೋಗುವುದು ಆಕಾಶದಲ್ಲಲ್ಲ. ಇಂಧನ ತುಂಬಿಸಬೇಕು, ಮಂಗಳೂರಿನ ಮೋಡ ಸರಿದ ವರ್ತಮಾನ ಬರಬೇಕು, ಹೊರಡಲು ಅನುಮತಿ ಸಿಗಬೇಕು. ಪೈಲಟರ ದಿನದ ಕೆಲಸದ ಅವಧಿಗೆ ನಿಯಮದ ಮಿತಿಯಿದ್ದು, ಅದು ಮುಗಿದರೆ ಬೇರೆ ಪೈಲಟರು ಬರುವವರೆಗೆ ವಿಮಾನ ಕದಲದು. ವಿದೇಶದಿಂದ ಬಂದವರನ್ನು ಸಾಮಾನ್ಯವಾಗಿ ಅಲ್ಲಿ ಕೆಳಗಿಳಿಸುವುದೂ ಇಲ್ಲ, ಅವರ ಪಾಸುಪೋರ್ಟು ಸುಂಕಗಳ ತಪಾಸಣೆ ಮಂಗಳೂರಿನಲ್ಲಿ ಆಗಬೇಕೆಂದು ನಿಶ್ಚಯವಾಗಿರುವುದರಿಂದ. ಐದಾರು ಗಂಟೆ ಹೀಗೆ ಕುಳಿತಲ್ಲೇ ಕಳೆಯುವುದುಂಟು. ಕಾಯುತ್ತಿರುವ ಮನೆಯವರು ಬಜಪೆಯಿಂದ ಮಟ್ಟನ್ನೂರಿಗೆ ಕಾರು ಓಡಿಸಿ ಹೋಗುವುದು ವ್ಯರ್ಥ. ಅವರು ಪಯ್ಯನ್ನೂರು ದಾಟುವಷ್ಟರಲ್ಲಿ ವಿಮಾನ ಬಜಪೆಗೆ ಹೊರಟಿರಲೂಬಹುದು. ಮನೆ ಬಜಪೆಗೆ ದೂರವಿಲ್ಲದವರು ಮನೆಯಲ್ಲೇ ಇದ್ದು, ಕಣ್ಣೂರಿನಿಂದ ಹೊರಟ ಸುದ್ದಿ ತಿಳಿದ ಬಳಿಕ ಹೊರಡುವುದು ಲೇಸು. ಅಲ್ಲಿಂದ ಬಂದಿಳಿದು ತಪಾಸಣೆ ಮುಗಿಸಿ ಸಾಮಾನು ಹಿಡಿದು ಹೊರಬರಲು ಒಂದೂವರೆ ಗಂಟೆಯಾದರೂ ಬೇಕೇ ಬೇಕು.

ಆ ಮರುಪ್ರಯಾಣವೇ ನಮ್ಮ ಪ್ರಶ್ನೆಯ ಹಾರಾಟ. ಯಾವ ವೇಳಾಪಟ್ಟಿಯಲ್ಲೂ ಇರದೆ, ಮಳೆಯ ಕೃಪೆಯಿಂದ ಮಾತ್ರ ಒದಗುವ ಅರ್ಧ ಗಂಟೆ. ಹುಡುಗಿಯ ಮನೆ ಮುಳ್ಳೇರಿಯದ ಬಳಿ. ಭೂಪಟದ ಮೇಲೆ ನಾವು ಎಳೆದ ಗೆರೆಯನ್ನು ಬೆರಳಿನಿಂದ ಸವರುತ್ತ ಅವಳು, "ಹಾಗಾದರೆ ಅಪ್ಪ ಅಂದು ನಮ್ಮ ಮನೆಯ ಮೇಲಿಂದಲೇ ಹೋಗಿರಬೇಕಲ್ಲವೇ ಮಾಷ್ಟ್ರೇ?" ಎಂದಳು. ಹೊರಳುವಲ್ಲಿ ತಿರುಗುವಲ್ಲಿ ಕೆಲವು ಮೈಲಿ ಅತ್ತಿತ್ತ ಆದೀತೆಂದರೂ ಹೆಚ್ಚುಕಡಿಮೆ ಹೌದೆಂದೆ. ಮನೆಯ ಮೇಲಿಂದ ಹಾದುಹೋದ ಹತ್ತು ಹನ್ನೆರಡು ನಿಮಿಷಗಳಲ್ಲಿ ಅವರು ಬಜಪೆಯಲ್ಲಿ ಇಳಿದಿದ್ದರು. ಅಲ್ಲಿಂದ ಕಾರಿನಲ್ಲಿ ಹಿಂದಕ್ಕೆ ಮುಳ್ಳೇರಿಯ ಸೇರಲು ಎರಡು ಗಂಟೆ ಹಿಡಿಯಿತಂತೆ.